ಗಾಲಿಯ ಮೈ ಸುಲಿದಾಗ

ಗೋಡೆಗೆ ಹೊಸ ಸುಣ್ಣ ಬಳಿಯುವ ಮುನ್ನ ಹಳೆಯ ಹಕ್ಕಳೆಯನ್ನು ಕೆರೆದು ತೆಗೆಯಬೇಕೆಂಬುದನ್ನು ನಮ್ಮ ಮನೆಯ ಹಿರಿಯ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ಮನೆಯ ಮುಂದೆ ನಿಂತಿರುವ ಕಾರಿನ ಗಾಲಿ ಹಕ್ಕಳೆಯೆದ್ದರೆ ನಮ್ಮಲ್ಲಿ ಬಹುಮಂದಿ ಕಂಡೂ ಕಾಣದಂತಿರುತ್ತಾರೆ. ಇಲ್ಲವೆ, ಆಯುಧಪೂಜೆಯ ಹಿಂದಿನ ದಿನ ಒಂದು ಡಬ್ಬಿ ಬೆಳ್ಳಿಬಣ್ಣ ತಂದು ಕೊಳೆಯ ಮೇಲೆಯೇ ಸಿಂಪಡಿಸಿ, ಮರುದಿನ ನಿಂಬೆಹಣ್ಣಿನ ಮೇಲೆ ಗಾಲಿ ಹಾಯಿಸಿ, ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ಹಾಗೆ ಬಳಿದ ಬಣ್ಣ ಬಹುಕಾಲ ನಿಲ್ಲುವುದಿಲ್ಲವೆಂಬುದು ಬೇರೆ ಮಾತು; ಅದು ಮುಚ್ಚಿಟ್ಟದ್ದೇನು ಎಂಬುದೇ ನಿಜವಾದ ಪ್ರಶ್ನೆ.

ಹೈದರಾಬಾದಿನ ಕನ್ನಡಿಗರಿಗೆ ಈ ಪ್ರಶ್ನೆ ಬರಿಯ ಅಂದಚಂದದ್ದಲ್ಲ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದ ನೆಲದಲ್ಲಿಯೇ ಇದ್ದವು. ನಮ್ಮ ನಂಟುಗಳು ಇಂದಿಗೂ ಆ ದಾರಿಗಳನ್ನೇ ಹಿಡಿದು ಹೋಗಿವೆ. ಕಾಚಿಗುಡದಿಂದಲೋ ಕುಕಟಪಳ್ಳಿಯಿಂದಲೋ ಹೊರಟ ಕುಟುಂಬ ಜಹೀರಾಬಾದಿನ ಮಾರ್ಗವಾಗಿ ಬೀದರಿಗೋ ಹುಮನಾಬಾದಿಗೋ, ಮಹಬೂಬನಗರದ ಮಾರ್ಗವಾಗಿ ರಾಯಚೂರಿಗೋ ಹೋಗುವುದು ಹೆಚ್ಚಾಗಿ ಮಕ್ಕಳಿಗೆ ರಜೆಯಿರುವ ಬಿರುಬೇಸಗೆಯಲ್ಲಿ. ತುಂಬಿದ ಕಾರು, ಕಾದ ಟಾರು, ವೇಗದ ಹೆದ್ದಾರಿ. ಆಗ ಇಡೀ ಸಂಸಾರವನ್ನು ಹೊತ್ತು ಓಡುವುದು ಈ ನಾಲ್ಕು ಗಾಲಿಗಳೇ. ಬಾಗಿಲಿನ ಬಣ್ಣ ಹೋದರೆ ನೋಟ ಕೆಟ್ಟೀತು. ಗಾಲಿಯ ಮೈ ಕೆಟ್ಟರೆ ಪಯಣವೇ ಕೆಟ್ಟೀತು.

ಮೊದಲು ಗಾಲಿಯ ಮೈಯೆಂದರೇನೆಂಬುದನ್ನು ತಿಳಿಯೋಣ. ಹಿಂದಿನ ಅಂಬಾಸಿಡರ್ ಕಾರಿನ ಗಾಲಿ ಉಕ್ಕಿನದು. ಅದರ ನಡುವೆ ಹೊಳೆಯುತ್ತಿದ್ದುದು ಕ್ರೋಮ್ ಲೇಪದ ಮುಚ್ಚಳ. ಇಂದಿನ ಅಲಾಯ್ ಗಾಲಿ ಅಲ್ಯೂಮಿನಿಯಮ್ಮಿಗೆ ಸಿಲಿಕಾನ್ ಮತ್ತು ಸ್ವಲ್ಪ ಮೆಗ್ನೀಸಿಯಮ್ ಬೆರೆಸಿ ಎರಕ ಹೊಯ್ದದ್ದು. ಇದು ತೀರ ಹೊಸ ಸಂಗತಿಯೇನಲ್ಲ; 1924ರಲ್ಲಿಯೇ ಬುಗಾಟಿ ಕಂಪನಿಯ ಪಂದ್ಯದ ಕಾರು ಅಲ್ಯೂಮಿನಿಯಮ್ ಗಾಲಿಗಳ ಮೇಲೆ ಓಡಿತ್ತು. ಈ ಎರಕದ ಮೇಲೆ ಮೊದಲು ಹಿಡಿತಕ್ಕಾಗಿ ಒಂದು ರಾಸಾಯನಿಕ ಸಂಸ್ಕಾರ, ಆಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂತಹ ಪಾರದರ್ಶಕ ವಾರ್ನಿಷ್. ಯಂತ್ರದಲ್ಲಿ ಕಡೆದು ಥಳಥಳಿಸುವಂತೆ ಮಾಡಿದ ‘ಡೈಮಂಡ್ ಕಟ್’ ಗಾಲಿಯ ಮುಖಕ್ಕಾದರೋ ಬಣ್ಣವೇ ಇಲ್ಲ. ಬರಿಯ ಲೋಹ, ಅದರ ಮೇಲೆ ವಾರ್ನಿಷ್. ಆದುದರಿಂದಲೇ ಹೆಚ್ಚು ಚೆಲುವಾದ ಆ ಗಾಲಿಯೇ ಬೇಗ ಸುಲಿಯುವುದು.

ನಮ್ಮ ಬೀದರಿನ ಬಿದರಿ ಹೂಜಿಯನ್ನು ನೆನೆಯಿರಿ. ಸತುವಿಗೆ ಕೊಂಚ ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿ, ಬೆಳ್ಳಿ ಕೂರಿಸಿ, ಕೊನೆಗೆ ಬೀದರ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ತಿಕ್ಕಿದಾಗ ಲೋಹದ ಮೈಯೇ ಕಪ್ಪಾಗುತ್ತದೆ. ಆ ಕಪ್ಪು ಹೊರಗಿನಿಂದ ಅಂಟಿಸಿದ್ದಲ್ಲ. ಆದ್ದರಿಂದ ಹಕ್ಕಳೆಯಾಗಿ ಏಳುವುದಿಲ್ಲ. ಗಾಲಿಯ ವಾರ್ನಿಷ್ ಹಾಗಲ್ಲ, ಅದು ಹೊದಿಸಿದ ಹೊದಿಕೆ. ಹೊದಿಕೆ ಒಂದು ಕಡೆ ಹರಿಯಿತೋ, ನೀರು ಅದರ ಅಡಿಗೆ ಇಳಿಯುತ್ತದೆ.

ಹರಿಯುವುದು ಹೇಗೆ? ರಸ್ತೆಯ ಕಲ್ಲುಹರಳು ಸಿಡಿದು ಬಡಿಯುತ್ತದೆ. ಕಾರು ನಿಲ್ಲಿಸುವಾಗ ಪುಟ್ಟಪಥದ ಅಂಚು ಸವರುತ್ತದೆ. ಟೈರು ಬಿಚ್ಚುವವನ ಸಲಾಕೆ, ಸಮತೋಲಕ್ಕೆಂದು ಅಂಚಿಗೆ ಕಚ್ಚಿಸುವ ತೂಕದ ತುಂಡು, ಇವೆಲ್ಲ ಗೀರು ಮಾಡುತ್ತವೆ. ಬ್ರೇಕಿನಿಂದ ಉದುರುವ ಬಿಸಿ ಕಬ್ಬಿಣದ ಪುಡಿ ವಾರ್ನಿಷಿನಲ್ಲಿ ನಾಟಿ ಕುಳಿತುಕೊಳ್ಳುತ್ತದೆ. ಗೀರಿನೊಳಗೆ ಹೊಕ್ಕ ತೇವ ಅಲ್ಯೂಮಿನಿಯಮ್ಮನ್ನು ತಿನ್ನುತ್ತ ವಾರ್ನಿಷಿನ ಅಡಿಯಲ್ಲಿಯೇ ಬಿಳಿಯ ಎಳೆಗಳಂತೆ, ಗೆದ್ದಲು ದಾರಿ ಮಾಡಿದ ಹಾಗೆ, ಹರಿದಾಡುತ್ತದೆ. ಕಬ್ಬಿಣದ ತುಕ್ಕು ಕೆಂಪು; ಅಲ್ಯೂಮಿನಿಯಮ್ಮಿನ ತುಕ್ಕು ಬಿಳಿಯ ಪುಡಿ. ಬಿಳಿಯದೆಂಬ ಕಾರಣಕ್ಕೆ ಅದನ್ನು ಧೂಳೆಂದು ತಿಳಿದು ಸುಮ್ಮನಿರಬಾರದು.

ಇನ್ನು ನಾವೇ ಕೈಯಾರೆ ತಂದುಕೊಳ್ಳುವ ಕೇಡು ಒಂದಿದೆ. ಬಚ್ಚಲುಮನೆ ತೊಳೆಯುವ ಆಮ್ಲದ ಸೀಸೆಯಾಗಲಿ, ಮೋರಿಯ ಕಟ್ಟು ಬಿಡಿಸುವ ಕಾಸ್ಟಿಕ್ ಸೋಡಾ ಆಗಲಿ ಗಾಲಿಯ ಹತ್ತಿರ ಸುಳಿಯಕೂಡದು. ಅಲ್ಯೂಮಿನಿಯಮ್ ಆಮ್ಲಕ್ಕೂ ಕರಗುತ್ತದೆ, ಕ್ಷಾರಕ್ಕೂ ಕರಗುತ್ತದೆ. ಹಿತ್ತಾಳೆಯ ತಂಬಿಗೆಗೆ ಒಪ್ಪುವ ಹುಣಸೆಹಣ್ಣು ಇಲ್ಲಿ ಒಪ್ಪುವುದಿಲ್ಲ. ಕಾರುಗಳಿಗೆ ಹೇಳಿದ ಸೌಮ್ಯ ಸೋಪು, ಮೆತ್ತನೆಯ ಬಟ್ಟೆ, ಬೇಕಾದಷ್ಟು ನೀರು, ಅಷ್ಟು ಸಾಕು. ಗಾಲಿ ಬಿಸಿಯಾಗಿರುವಾಗ ತೊಳೆಯಬೇಡಿ. ನಮ್ಮ ಊರಿನ ಬೋರುಬಾವಿಯ ನೀರು ಗಡಸು. ಬಿಸಿಲಿನಲ್ಲಿ ತೊಳೆದು ಹಾಗೆಯೇ ಬಿಟ್ಟರೆ ಸುಣ್ಣದ ಕಲೆ ಉಳಿಯುತ್ತದೆ. ತೊಳೆದೊಡನೆ ಒರಸಿಬಿಡಿ.

ಈಗ ಪರೀಕ್ಷೆಯ ಮಾತು. ಗಾಲಿಯನ್ನು ಚೆನ್ನಾಗಿ ತೊಳೆದು, ಒರಸಿ, ಬೆಳಕಿನಲ್ಲಿ ನೋಡಿರಿ. ಮೇಲ್ಪದರ ಮಾತ್ರ ಸಿಪ್ಪೆಯಂತೆ ಎದ್ದಿದ್ದರೆ ಅದು ಮನೆಯಲ್ಲಿಯೇ ಮಾಡಬಹುದಾದ ಕೆಲಸ. ಕಡ್ಡಿಗಳ ಬುಡದಲ್ಲಿ, ಬೋಲ್ಟಿನ ತೂತುಗಳ ಸುತ್ತ ಕೂದಲೆಳೆಯಂತಹ ಬಿರುಕು ಕಂಡರೆ, ಅಥವಾ ಅಂಚು ಡೊಂಕಾಗಿದ್ದರೆ, ಬಣ್ಣದ ಯೋಚನೆಯನ್ನೇ ಬಿಡಿ. ಬಿರುಕು ಬಿಟ್ಟ ಗಾಲಿಗೆ ಬೆಸುಗೆ ಹಾಕಿಸುವುದು ಉಳಿತಾಯವಲ್ಲ, ಅಪಾಯ. ಅದನ್ನು ಬದಲಿಸಲೇಬೇಕು.

ಮೂರನೆಯದೊಂದು ಲಕ್ಷಣವಿದೆ, ಅದನ್ನು ಗಮನಿಸುವವರು ಕಡಿಮೆ. ಒಂದು ಟೈರು ಮಾತ್ರ ವಾರವಾರವೂ ಗಾಳಿ ಕಳೆದುಕೊಳ್ಳುತ್ತದೆ, ಹುಡುಕಿದರೆ ಮೊಳೆಯೂ ಇಲ್ಲ, ತೂತೂ ಇಲ್ಲ! ಟ್ಯೂಬಿಲ್ಲದ ಟೈರಿನಲ್ಲಿ ಗಾಳಿಯನ್ನು ತಡೆಯುವುದು ರಬ್ಬರಿನ ಅಂಚು ಲೋಹಕ್ಕೆ ಒತ್ತಿ ಕೂರುವ ಹಿಡಿತ. ಅಲ್ಲಿ ಬಣ್ಣ ಸುಲಿದು ಬಿಳಿಯ ತುಕ್ಕು ಬೆಳೆದರೆ ಗಾಳಿ ಸಂದಿಯಿಂದ ಸದ್ದಿಲ್ಲದೆ ಜಾರುತ್ತದೆ. ಗಾಳಿ ಕಡಿಮೆಯಾದ ಟೈರಿನ ಪಕ್ಕೆ ಹೆಚ್ಚಾಗಿ ಬಳುಕುತ್ತದೆ, ಬಳುಕಿದಷ್ಟೂ ಕಾಯುತ್ತದೆ, ಕಾದದ್ದು ಹೆದ್ದಾರಿಯಲ್ಲಿ ಒಡೆಯುತ್ತದೆ. ಸೋಪಿನ ನೀರನ್ನು ಅಂಚಿನ ಸುತ್ತ ಸವರಿ ನೋಡಿ. ಗುಳ್ಳೆಯೆದ್ದರೆ ಟೈರು ಬಿಚ್ಚಿಸಿ, ಆ ಪೀಠವನ್ನು ಶುದ್ಧ ಲೋಹ ಕಾಣುವವರೆಗೆ ನಯವಾಗಿ ಉಜ್ಜಿಸಿ, ಮತ್ತೆ ಕೂರಿಸಬೇಕು. ವಾರವಾರ ಗಾಳಿ ಹಿಡಿಸಿಕೊಂಡು ತಿರುಗುವುದು ಪರಿಹಾರವಲ್ಲ.

ಮೇಲ್ಪದರ ಮಾತ್ರ ಸುಲಿದಿದ್ದರೆ ಮಾಡುವ ಕ್ರಮ ಹೀಗೆ. ಸಮನೆಲದಲ್ಲಿ ಕಾರು ನಿಲ್ಲಿಸಿ, ಬೋಲ್ಟುಗಳನ್ನು ಕೊಂಚ ಸಡಿಲಿಸಿ, ಜಾಕಿಯಿಂದ ಎತ್ತಿ, ಗಟ್ಟಿಯಾದ ಆಧಾರಕಂಬದ ಮೇಲೆ ಕೂರಿಸಿ ಗಾಲಿ ತೆಗೆಯಿರಿ. ಬರಿಯ ಜಾಕಿಯನ್ನು ನಂಬಿ ಕಾರಿನ ಕೆಳಗೆ ಯಾರೂ ಕೈ ತಲೆ ಹಾಕಬಾರದು. ಗಾಲಿಯನ್ನು ತೊಳೆದು ಒಣಗಿಸಿ, ಎದ್ದ ಪದರವನ್ನೆಲ್ಲ 120ನೆಯ ನಂಬರಿನ ಉಜ್ಜುಕಾಗದದಿಂದ ತೆಗೆಯಿರಿ; ಬಿಳಿಯ ಎಳೆ ಎಲ್ಲಿಯವರೆಗೆ ಹರಿದಿದೆಯೋ ಅಲ್ಲಿಯವರೆಗೂ ಬೆನ್ನಟ್ಟಿ ಹೋಗಬೇಕು. ಒಂದೆಳೆ ಉಳಿದರೂ ಅದು ಹೊಸ ಬಣ್ಣದ ಅಡಿಯಲ್ಲಿ ಮತ್ತೆ ತನ್ನ ಕೆಲಸ ಸುರುಮಾಡುತ್ತದೆ. ಬಳಿಕ 240, 400 ನಂಬರಿನ ಕಾಗದಗಳಿಂದ ನಯಗೊಳಿಸಿ, ಸುಲಿಯದೆ ಉಳಿದ ಭಾಗದ ಅಂಚು ಬೆರಳಿಗೆ ತಗುಲದಂತೆ ಇಳಿಜಾರು ಮಾಡಿ. ಧೂಳೊರಸಿ, ಐಸೊಪ್ರೊಪಿಲ್ ಆಲ್ಕೊಹಾಲಿನಿಂದ ಜಿಡ್ಡು ತೆಗೆಯಿರಿ. ಆಮೇಲೆ ಬರಿಗೈ ಮುಟ್ಟಿಸಬೇಡಿ.

ಉಜ್ಜಿದ ಅಲ್ಯೂಮಿನಿಯಮ್ಮಿನ ಮೇಲೆ ಗಾಳಿ ತಗುಲಿದೊಡನೆ ಆಕ್ಸೈಡಿನ ತೆಳುಪೊರೆ ಕಟ್ಟತೊಡಗುವುದರಿಂದ ಮುಂದಿನ ಕೆಲಸಕ್ಕೆ ತಡಮಾಡಬಾರದು. ಅಲ್ಯೂಮಿನಿಯಮ್ಮಿಗೆಂದೇ ಮಾಡಿದ ಪ್ರೈಮರ್, ಅದು ಒಣಗಿದ ಮೇಲೆ ಗಾಲಿಯ ಬಣ್ಣ, ಆಮೇಲೆ ವಾರ್ನಿಷ್. ಪ್ರತಿಯೊಂದನ್ನೂ ಎರಡು ಮೂರು ತೆಳುವಾದ ಕೈಗಳಾಗಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ನಡುವೆ ಬಿಟ್ಟು ಹಾಕಬೇಕು. ಒಂದೇ ದಪ್ಪ ಕೈ ಹಾಕಿದರೆ ಇಳಿದು ಸೋರುತ್ತದೆ. ಮಳೆಗಾಲದ ತೇವವೂ ಬೇಡ, ಮೇ ತಿಂಗಳ ಮಧ್ಯಾಹ್ನವೂ ಬೇಡ. ಹೈದರಾಬಾದಿನಲ್ಲಿ ಚಳಿಗಾಲದ ಒಣಹವೆಯ ಹಗಲು ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಬಯಲಿನಲ್ಲಿ, ಮೂಗಿಗೆ ಸರಿಯಾದ ರಕ್ಷಣೆ ಕಟ್ಟಿಕೊಂಡು, ಮಕ್ಕಳನ್ನು ದೂರವಿಟ್ಟು ಕೆಲಸ ಮಾಡಿ. ಗಟ್ಟಿಕಾರಕ ಬೆರೆಸುವ ಎರಡು ಭಾಗದ ವಾರ್ನಿಷಿನ ಆವಿ ಶ್ವಾಸಕೋಶಕ್ಕೆ ವಿಷ. ಅದನ್ನು ತಕ್ಕ ಸಲಕರಣೆಯಿರುವ ಕೆಲಸಗಾರರಿಗೆ ಬಿಡುವುದು ಲೇಸು.

ಒಂದು ಮಾತನ್ನು ಮರೆಯಲಾಗದು: ಗಾಲಿಯ ಹಿಂಬದಿಯಲ್ಲಿ ಹಬ್ಬಿಗೆ ತಾಗುವ ಮುಖಕ್ಕೂ, ಬೋಲ್ಟು ಕೂರುವ ಗುಣಿಗಳಿಗೂ ಬಣ್ಣ ಹಾಕಬಾರದು. ಅಲ್ಲಿನ ಬಣ್ಣ ಓಟದಲ್ಲಿ ಅದುಮಿ ತೆಳುವಾದಂತೆಲ್ಲ ಬಿಗಿದ ಬೋಲ್ಟು ಸಡಿಲವಾಗುತ್ತದೆ. ಮತ್ತೆ ಹಾಕುವಾಗ ಒಂದರ ಪಕ್ಕದ್ದನ್ನಲ್ಲ, ಎದುರಿನದನ್ನು ಬಿಗಿಯುತ್ತ ಹೋಗಿ, ಕಾರಿನ ಕೈಪಿಡಿಯಲ್ಲಿ ಹೇಳಿದ ಬಿಗಿಗೆ ತನ್ನಿ. ಎಂಬತ್ತು ನೂರು ಕಿಲೋಮೀಟರು ಓಡಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ.

ನಾಲ್ಕೂ ಗಾಲಿಗಳು ಸುಲಿದಿದ್ದರೆ ಪೌಡರ್ ಲೇಪ ಮಾಡಿಸುವುದುಂಟು. ಲೇಪದ ಪುಡಿಯನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ ಅಂಟಿಸುತ್ತಾರೆ, ಬಹಳ ಗಟ್ಟಿ. ಆದರೆ ಶಾಖ ಮಿತಿಮೀರಿದರೆ ಎರಕದ ಬಲವೇ ಕುಗ್ಗುತ್ತದೆ. ಆದುದರಿಂದ ಒಲೆಯ ಉಷ್ಣವನ್ನು ಅಳೆದು ನಡೆಸುವ ಕಡೆಗೇ ಕೊಡಬೇಕು, ಬೆಂಕಿಯುರಿಯಿಂದ ಹಳೆಯ ಬಣ್ಣ ಸುಡುವವರಿಗೆ ಕೊಡಬಾರದು. ಡೈಮಂಡ್ ಕಟ್ ಗಾಲಿಗೆ ಮತ್ತೆ ಆ ಹೊಳಪು ಬೇಕೆಂದರೆ ಲೇಥಿನ ಮೇಲೆ ಕಡೆಯಬೇಕು. ಪ್ರತಿ ಸಲವೂ ಲೋಹ ಕೊಂಚ ಕಡಿಮೆಯಾಗುವುದರಿಂದ ಇದಕ್ಕೂ ಒಂದು ಮಿತಿಯುಂಟು. ಬಣ್ಣದ ಗಾಲಿಯಾಗಿ ಮಾರ್ಪಡಿಸಿಕೊಂಡರೆ ಬಾಳಿಕೆ ಹೆಚ್ಚು.

ಹಳೆಯ ಕಾರು ಕೊಳ್ಳಹೊರಟ ಬಂಧುಗಳಿಗೂ ಒಂದು ಸೂಚನೆ. ಮೈಯೆಲ್ಲ ಹಳತಾಗಿ ಗಾಲಿಗಳು ಮಾತ್ರ ಮದುವಣಗಿತ್ತಿಯಂತೆ ಮಿನುಗುತ್ತಿದ್ದರೆ ಹಿಂಬದಿಯನ್ನೂ ನೋಡಿ, ಬಿಚ್ಚಿಸಿ ಸಮತೋಲ ಮಾಡಿಸಿ ನೋಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಕಲಾಯಿ ಹಾಕುವವನು ನಮ್ಮ ಬೀದಿಗಳಿಗೆ ಬರುತ್ತಿದ್ದ ಕಾಲವನ್ನು ಕಂಡವರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ಅವನು ಪಾತ್ರೆಯನ್ನು ಮೊದಲು ಉಜ್ಜಿ, ಕಾಯಿಸಿ, ನವಸಾಗರ ಒರಸಿ, ತಾಮ್ರದ ನಿಜವಾದ ಮೈ ಕಂಡ ಮೇಲೆಯೇ ತವರ ಹಚ್ಚುತ್ತಿದ್ದ. ಆ ತವರ ಅಂದಕ್ಕಾಗಿ ಅಲ್ಲ, ಹುಳಿ ಸಾರು ವಿಷವಾಗದಿರಲೆಂದು. ಗಾಲಿಯ ಲೇಪಕ್ಕೂ ಇದೇ ಧರ್ಮ. ಈ ದಸರೆಗೆ ಹೂವು ಮುಡಿಸುವ ಮೊದಲು ನಾವೆಲ್ಲರೂ ನಮ್ಮ ನಮ್ಮ ಗಾಲಿಗಳನ್ನು ಒಮ್ಮೆ ತೊಳೆದು ನೋಡೋಣ.