ಹಳೆಯ ಅಡಿಗೆಮನೆಗೆ ಹೊಸ ಕಪಾಟು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಗಳ ಹಳೆಯ ಮಾಳಿಗೆಮನೆಗಳಲ್ಲಿ ಅಡಿಗೆಮನೆಯ ಕಪಾಟು ಗೋಡೆಯೊಡನೆಯೇ ಹುಟ್ಟಿದುದು. ಕಲ್ಲುಮಣ್ಣಿನ ದಪ್ಪಗೋಡೆಯಲ್ಲಿ ಬಿಟ್ಟ ಗೂಡೇ ಉಪ್ಪು, ಹುಣಿಸೆ, ದೀಪಗಳಿಗೆ ಆಶ್ರಯ. ಇಂದು ಅಂಥ ಮನೆಗಳಿಗೂ ಕಾರ್ಖಾನೆಯ ‘ಮಾಡ್ಯುಲರ್’ ಪೆಟ್ಟಿಗೆಗಳು ಬರುತ್ತಿವೆ. ಇವು ಅಳತೆಗೆ ಕೊಯ್ದ ನೆಟ್ಟಗಿನವು. ಹಳೆಯ ಗೋಡೆಯಾದರೋ ಒಂದೆಡೆ ಉಬ್ಬಿ, ಒಂದೆಡೆ ತಗ್ಗಿರುವುದು. ಹೊಂದಿಕೊಳ್ಳಬೇಕಾದುದು ಹೊಸತೇ ಹೊರತು ಗೋಡೆಯಲ್ಲ.

ಮುಖ್ಯವಾಗಿ ಗಮನಿಸತಕ್ಕದ್ದು ಭಾರವನ್ನು. ಇಟ್ಟಿಗೆ ಸಿಮೆಂಟಿನ ಗೋಡೆಯಲ್ಲಿ ನಿಲ್ಲುವ ತಿರುಪುಮೊಳೆ ಮಣ್ಣುಗೋಡೆಯಲ್ಲಿ ಹಿಡಿಯಲಾರದು. ಪಾತ್ರೆ ತುಂಬಿದ ಮೇಲ್ಪೆಟ್ಟಿಗೆ ಅಡಿಗೆ ಮಾಡುವವರ ತಲೆಯ ಮೇಲೆಯೇ ಕಳಚಿ ಬಿದ್ದೀತು. ಆದುದರಿಂದ ಅದನ್ನು ನೆಲದಿಂದೆದ್ದ ಚೌಕಟ್ಟಿನ ಮೇಲೆ ನಿಲ್ಲಿಸಿ, ಚೌಕಟ್ಟಿನ ತುದಿಯನ್ನು ಗಟ್ಟಿಯಾದ ತೊಲೆಗೆ ಬಿಗಿಯುವುದು ಲೇಸು. ಕೆಳಪೆಟ್ಟಿಗೆಗಳಿಗೆ ನೆಲದ ಅತಿ ಎತ್ತರದ ಸ್ಥಾನದಿಂದ ರಸಮಟ್ಟ ಹಿಡಿಯಬೇಕು. ತಗ್ಗಿದ ಕಡೆ ಕಾಲುಗಳ ತಿರುಪನ್ನು ತಿರುಗಿಸಿ ಎತ್ತರಿಸಬಹುದು. ಗೋಡೆಯ ಪಕ್ಕದಲ್ಲುಳಿದ ಸಂದಿಗೆ ಅದರ ಅಂಕುಡೊಂಕನ್ನೇ ಅನುಸರಿಸಿ ಕೆತ್ತಿದ ಮರದ ಪಟ್ಟಿ ಸಾಕು. ಹಿಂಬದಿಯಲ್ಲಿ ಮಾತ್ರ ಗಾಳಿಯಾಡಲಿ. ಇಲ್ಲವಾದರೆ ಮಣ್ಣುಗೋಡೆಯ ಗೆದ್ದಲು ಕಣ್ಣಿಗೆ ಬೀಳದೆ ಹಲಗೆಯನ್ನು ತಿಂದುಬಿಡುವುದು. ತೊಳೆಯುವ ತೊಟ್ಟಿಯ ಕೆಳಗೆ ನೀರು ತಾಳುವ ಪ್ಲೈವುಡ್ಡೇ ಬೇಕು. ಮರದ ಪುಡಿಯನ್ನು ಒತ್ತಿ ಮಾಡಿದ ಅಗ್ಗದ ಹಲಗೆ ನೀರುಂಡು ಉಬ್ಬುವುದು.

ಹಳೆಯ ಗೂಡುಗಳನ್ನು ಮುಚ್ಚುವ ಆತುರ ಏತಕ್ಕೋ! ಒಲೆಯ ಮಗ್ಗುಲಿನದನ್ನಾದರೂ ಹಾಗೆಯೇ ಬಿಡಬಹುದು. ಮಾಳಿಗೆಯ ಬೆಳಕಿಂಡಿಗೆ ಅಡ್ಡವಾಗಿ ಎತ್ತರದ ಕಪಾಟು ನಿಂತರೆ ಹಗಲಿನಲ್ಲಿಯೂ ದೀಪ ಹಚ್ಚಿ ಅಡಿಗೆ ಮಾಡಬೇಕಾದೀತು.