ಹೊಲದ ಸೆಲೆನಿಯಂಗೂ ಎದೆ ಬಡಿತಕ್ಕೂ ಏನು ನಂಟು?

ಇತ್ತೀಚೆಗೆ ನನಗೆ ವಾಟ್ಸಾಪ್‌ನಲ್ಲಿ ಒಂದೇ ಥರದ ಪ್ರಶ್ನೆ ಬರ್ತಿದೆ: "ಅಣ್ಣಾ, ಸೆಲೆನಿಯಂ, ಜಿಂಕ್ ಇರೋ ಆಂಟಿಆಕ್ಸಿಡೆಂಟ್ ಮಾತ್ರೆ ತಗೊಂಡ್ರೆ ಹಾರ್ಟ್ ಅಟ್ಯಾಕ್ ಬರಲ್ವಂತೆ, ಅಪ್ಪನಿಗೆ ಕೊಡಿಸ್ಲಾ?" ದುಡ್ಡು ಕೊಡೋ ಮುಂಚೆ ಇದನ್ನೊಮ್ಮೆ ಓದಿ.

ಕಿಣ್ವಕ್ಕೆ ಖನಿಜ ಯಾಕೆ ಬೇಕು?

ನಮ್ಮ ಜೀವಕೋಶಗಳು ಆಮ್ಲಜನಕ ಬಳಸಿ ಶಕ್ತಿ ತಯಾರಿಸುವಾಗ ಹೈಡ್ರೋಜನ್ ಪೆರಾಕ್ಸೈಡ್‌ನಂಥ ಕೆಡುಕು ವಸ್ತುಗಳೂ ಹುಟ್ಟುತ್ತವೆ. ಹಾಗೇ ಬಿಟ್ಟರೆ ಜೀವಕೋಶದ ಪೊರೆಯನ್ನೇ ಹಾಳು ಮಾಡುತ್ತವೆ. ಇವನ್ನು ಅಡಗಿಸಲು ದೇಹದಲ್ಲಿ ಕಿಣ್ವಗಳಿವೆ. ಗ್ಲುಟಾಥಿಯೋನ್ ಪೆರಾಕ್ಸಿಡೇಸ್ ಅನ್ನೋ ಕಿಣ್ವಕ್ಕೆ ಸೆಲೆನಿಯಂ ಬೇಕು ಅಂತ 1973ರಲ್ಲಿ ಗೊತ್ತಾಯಿತು. ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಅನ್ನೋದಕ್ಕೆ ತಾಮ್ರ, ಸತು, ಮ್ಯಾಂಗನೀಸ್ ಬೇಕು. ಹೃದಯದ ಸ್ನಾಯುವಿಗೆ ಒಂದು ಕ್ಷಣವೂ ರಜೆ ಇಲ್ಲ. ಅದಕ್ಕೇ ಈ ಕಾವಲು ತಪ್ಪಿದರೆ ಅದಕ್ಕೆ ಪೆಟ್ಟು ಬೀಳುತ್ತೆ.

ಚೀನಾದ ಕೆಶಾನ್ ಕಥೆ

1935ರಲ್ಲಿ ಚೀನಾದ ಕೆಶಾನ್ ಎಂಬ ಕಡೆ ಹೃದಯದ ಸ್ನಾಯು ಸೋತು ಜನ ಸಾಯತೊಡಗಿದರು. ಹೆಚ್ಚು ತೊಂದರೆ ಆಗಿದ್ದು ಮಕ್ಕಳಿಗೆ ಮತ್ತು ಹೆರುವ ವಯಸ್ಸಿನ ಹೆಣ್ಣುಮಕ್ಕಳಿಗೆ. ಅಲ್ಲಿನ ಮಣ್ಣಲ್ಲಿ ಸೆಲೆನಿಯಂ ತೀರಾ ಕಮ್ಮಿ. ಮಣ್ಣಲ್ಲಿ ಇಲ್ಲದ್ದು ಬೆಳೆಗೆ ಬರಲಿಲ್ಲ, ಊರಲ್ಲಿ ಬೆಳೆದದ್ದನ್ನೇ ಉಣ್ಣುವವರಿಗೆ ಬೇರೆ ದಾರಿಯೂ ಇರಲಿಲ್ಲ. ಜೊತೆಗೆ ಒಂದು ವೈರಸ್ಸಿನ ಕೈವಾಡವೂ ಇದೆ ಅಂತ ಆಮೇಲೆ ತಿಳಿಯಿತು.

1974ರಲ್ಲಿ ಇದೇ ರೋಗ ಇದ್ದ ಸಿಚುವಾನ್ ಪ್ರಾಂತ್ಯದಲ್ಲಿ ಮಕ್ಕಳಿಗೆ ವಾರಕ್ಕೊಂದು ಸೆಲೆನೈಟ್ ಮಾತ್ರೆ ಕೊಟ್ಟರು. ಮಾತ್ರೆ ತಿಂದ 4,510 ಮಕ್ಕಳಲ್ಲಿ 10 ಮಂದಿಗೆ ರೋಗ ಬಂತು. ತಿನ್ನದ 3,985 ಮಕ್ಕಳಲ್ಲಿ 54 ಮಂದಿಗೆ ಬಂತು.

ಹಾಗಾದ್ರೆ ಮಾತ್ರೆ ನುಂಗಬಹುದಾ?

ಇಲ್ಲೇ ಜನ ಎಡವೋದು. ಕೊರತೆ ಇದ್ದವರಿಗೆ ಕೊಟ್ಟಾಗ ಆದ ಲಾಭ, ಸಾಕಷ್ಟು ಇದ್ದವರಿಗೆ ಇನ್ನಷ್ಟು ಕೊಟ್ಟರೆ ಆಗಲ್ಲ. ರಕ್ತನಾಳ ಕಟ್ಟಿ ಬರುವ ಹಾರ್ಟ್ ಅಟ್ಯಾಕ್ ಕೆಶಾನ್ ರೋಗವಲ್ಲ. ಅದನ್ನು ಸೆಲೆನಿಯಂ ಮಾತ್ರೆ ತಡೆಯುತ್ತೆ ಅಂತ ದೊಡ್ಡ ಪ್ರಯೋಗಗಳಲ್ಲಿ ಸಾಬೀತಾಗಿಲ್ಲ. ದೊಡ್ಡವರಿಗೆ ದಿನಕ್ಕೆ 40ರಿಂದ 55 ಮೈಕ್ರೋಗ್ರಾಂ ಸಾಕು. ಅತಿಯಾದರೆ ಕೂದಲು ಉದುರುತ್ತೆ, ಉಗುರು ಕೆಡುತ್ತೆ. ಪಂಜಾಬಿನ ಹೋಶಿಯಾರ್‌ಪುರ, ನವಾನ್‌ಶಹರ್ ಕಡೆ ಕೆಲವು ಹೊಲಗಳಲ್ಲಿ ಸೆಲೆನಿಯಂ ಹೆಚ್ಚಾಗಿ, ಅಲ್ಲಿನ ಮೇವು ತಿಂದ ದನಗಳ ಗೊರಸು ಕಳಚಿ ಬಿದ್ದದ್ದುಂಟು.

ಫಿನ್ಲೆಂಡ್ 1984ರಲ್ಲಿ ಗೊಬ್ಬರಕ್ಕೇ ಸೆಲೆನಿಯಂ ಸೇರಿಸಲು ನಿರ್ಧರಿಸಿತು. ಜನರ ರಕ್ತದಲ್ಲಿ ಸೆಲೆನಿಯಂ ಏರಿತು. ಅಲ್ಲಿ ಹೃದ್ರೋಗವೂ ಇಳಿದಿದೆ, ಆದರೆ ಆ ಇಳಿಕೆ ಶುರುವಾಗಿದ್ದು ಅದಕ್ಕೂ ಮುಂಚೆ, ಬೀಡಿ-ಸಿಗರೇಟು, ಬೆಣ್ಣೆ, ಉಪ್ಪು ಕಮ್ಮಿ ಮಾಡಿಸಿದ ಅಭಿಯಾನದ ಕಾಲದಲ್ಲಿ.

ಕೊಟ್ಟಿಗೆಯಲ್ಲೂ ಇದೇ ಕಥೆ

ಎಳೆಗರು, ಕುರಿಮರಿಗಳಿಗೆ ಸೆಲೆನಿಯಂ, ವಿಟಮಿನ್ ಇ ಸಾಲದಿದ್ದರೆ ಸ್ನಾಯು ಬಿಳಿಚಿಕೊಳ್ಳುತ್ತೆ, ಮರಿ ಏಳೋಕಾಗದೆ ಒದ್ದಾಡುತ್ತೆ. ಹೃದಯಕ್ಕೆ ತಗುಲಿದರೆ ಚೆನ್ನಾಗಿದ್ದದ್ದೇ ದಿಢೀರ್ ಸಾಯಬಹುದು. ಬರೀ ಒಣ ಹುಲ್ಲಿನ ಮೇಲೆ ಇರುವ ಗಬ್ಬದ ಹಸು, ಕುರಿಗಳ ಬಗ್ಗೆ ಎಚ್ಚರ. ಹಸಿ ಮೇವು ಕೊಡಿ.

ನೀವು ಮಾಡಬೇಕಾದ್ದು

* ಮಣ್ಣು ಪರೀಕ್ಷೆ ಮಾಡಿಸುವಾಗ ಸತು, ತಾಮ್ರ, ಮ್ಯಾಂಗನೀಸ್ ಕೂಡ ನೋಡಿ ಅಂತ ಕೇಳಿ. ಸತು ಕೊರತೆ ಬಂದರೆ ಶಿಫಾರಸಿನ ಪ್ರಕಾರ ಜಿಂಕ್ ಸಲ್ಫೇಟ್ ಹಾಕಿ, ಡಿಎಪಿ ಜೊತೆ ಬೆರೆಸಬೇಡಿ.
* ಹಸುಗಳಿಗೆ ಖನಿಜ ಮಿಶ್ರಣ ದಿನವೂ ಕೊಡಿ. ಸೆಲೆನಿಯಂ ಇಂಜೆಕ್ಷನ್ ಪಶುವೈದ್ಯರೇ ಹಾಕಲಿ, ಡೋಸ್ ಸ್ವಲ್ಪ ಹೆಚ್ಚಾದರೂ ವಿಷ.
* ಮನೆಯಲ್ಲಿ ಕಾಳು, ಸೊಪ್ಪು, ಕಡಲೆಕಾಯಿ, ಮೊಟ್ಟೆ, ಮೀನು ಬದಲಾಯಿಸಿ ಬದಲಾಯಿಸಿ ತಿನ್ನಿ.
* ಅಪ್ಪನಿಗೆ ಮಾತ್ರೆ ಬದಲು ಬಿಪಿ, ಶುಗರ್ ಪರೀಕ್ಷೆ ಮಾಡಿಸಿ, ಬೀಡಿ ಬಿಡಿಸಿ.
* ಎದೆ ಹಿಡಿದುಕೊಂಡು ಬೆವರಿದರೆ "ಗ್ಯಾಸ್ ಇರಬೇಕು" ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ.