ಓದು, ಓಟ ಮತ್ತು ಊರ ಕಡೆಯ ಕಾಲೇಜು

ಹನ್ನೆರಡನೆಯ ತರಗತಿಯ ಪರೀಕ್ಷೆ ಮುಗಿಯಿತೆಂದರೆ ನಮ್ಮ ಹೊರನಾಡ ಕನ್ನಡಿಗರ ಮನೆಗಳಲ್ಲಿ ಒಂದೇ ಚರ್ಚೆ: ಮುಂದೆ ಎಲ್ಲಿ? ಮಕ್ಕಳಿಗೆ ಓದಿನ ಜೊತೆಗೆ ಆಟದಲ್ಲಿಯೂ ಗತಿ ಇದ್ದರಂತೂ ಚರ್ಚೆ ಜಗಳದ ಮಟ್ಟಕ್ಕೇರುವುದುಂಟು. "ಆಟ ಹೊಟ್ಟೆ ತುಂಬಿಸೀತೇ?" ಎಂದು ತಂದೆ, "ಅದನ್ನು ಬಿಡಿಸಿದರೆ ಹುಡುಗಿ ಓದಿನಲ್ಲಿಯೂ ಮಂಕಾದಾಳು" ಎಂದು ತಾಯಿ. ಇಬ್ಬರ ಮಾತಿನಲ್ಲಿಯೂ ಹುರುಳಿದೆ. ಎರಡನ್ನೂ ಉಳಿಸುವ ದಾರಿಯೊಂದು ನಮ್ಮ ನಾಡಿನಲ್ಲಿಯೇ ಇರುವಾಗ ಅದನ್ನು ವಿಚಾರಿಸಿ ನೋಡುವುದು ಒಳ್ಳೆಯದು.

ಮುಂಬಯಿಯಂಥ ನಗರದಲ್ಲಿ ಹೆಸರಾಂತ ಕಾಲೇಜುಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಹೊತ್ತಿಗೆ ಮತ್ತು ಬಯಲಿಗೆ. ಉಪನಗರದಿಂದ ಲೋಕಲ್ ಗಾಡಿಯಲ್ಲಿ ನಿಂತು ಹೋಗಿ ಬರುವಷ್ಟರಲ್ಲಿ ಹುಡುಗನ ಕಾಲಿನ ಕಸುವೆಲ್ಲ ಇಂಗಿಹೋಗಿರುತ್ತದೆ. ಸಣ್ಣ ಊರಿನಲ್ಲಿ ವಸತಿ, ತರಗತಿ, ಮೈದಾನ ಮೂರೂ ಹತ್ತಿರ. ಬೆಳಿಗ್ಗೆ ಓಡಿ, ಸ್ನಾನ ಮಾಡಿ, ತಿಂಡಿ ತಿಂದು ಪಾಠಕ್ಕೆ ಕೂರಬಹುದು.

ದಕ್ಷಿಣ ಕನ್ನಡದ ಎರಡು ಊರುಗಳನ್ನೇ ನೋಡಿರಿ. ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು 1966ರಲ್ಲಿ ಪ್ರಾರಂಭವಾಯಿತು. ಮೂಡಬಿದಿರೆಯಲ್ಲಿ ಡಾ. ಎಂ. ಮೋಹನ ಆಳ್ವರು ಕಟ್ಟಿದ ಆಳ್ವಾಸ್ ಸಂಸ್ಥೆಯು ಆಯ್ದ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಉಚಿತವಾಗಿ ಓದಿಸುತ್ತದೆ. ಆ ಊರಿನ ಸ್ವರಾಜ್ಯ ಮೈದಾನದಲ್ಲಿ ಸಿಂಥೆಟಿಕ್ ಓಟಪಥವಿದೆ. ಮುಂಬಯಿಯವರು ಮತ್ಸ್ಯಗಂಧಾ ಗಾಡಿ ಹತ್ತಿದರೆ ಮರುದಿನ ಬೆಳಿಗ್ಗೆ ಮಂಗಳೂರು. ಅಲ್ಲಿಂದ ಎರಡೂ ಊರುಗಳಿಗೆ ಬಸ್ಸುಂಟು.

ಆದರೆ ಹೆಸರು ಕೇಳಿ ಹೊರಟುಬಿಡಬಾರದು. ಮೊದಲು ಮಗುವಿಗೆ ಬೇಕಾದ ವಿಷಯ ಅಲ್ಲಿ ಇದೆಯೇ ಎಂದು ನೋಡಬೇಕು. ಮಂಡಿ ಉಳುಕಿ ಒಂದು ವರ್ಷ ಓಟ ನಿಂತರೆ ಕೈಹಿಡಿಯುವುದು ಪದವಿಯೇ. ಆಟದ ಪ್ರವಾಸದಲ್ಲಿ ತಪ್ಪಿದ ಪಾಠವನ್ನು ಯಾರು ಹೇಳಿಕೊಡುತ್ತಾರೆ, ಹಾಜರಿಯ ಲೆಕ್ಕ ಹೇಗೆ, ನಿಮ್ಮ ಮಗುವಿನ ಆಟಕ್ಕೇ ತರಬೇತುದಾರರಿದ್ದಾರೆಯೇ, ಹೆಣ್ಣುಮಕ್ಕಳ ವಸತಿಯಿಂದ ಮೈದಾನಕ್ಕೆ ನಸುಕಿನಲ್ಲಿ ಹೋಗುವ ವ್ಯವಸ್ಥೆ ಏನು ಎಂಬುದನ್ನು ಪ್ರಿನ್ಸಿಪಾಲರಲ್ಲಿ ಮಾತ್ರವಲ್ಲ, ಅಲ್ಲಿಯೇ ಎರಡನೆಯ ವರ್ಷದಲ್ಲಿ ಓದುವ ಆಟಗಾರರಲ್ಲಿಯೂ ಕೇಳಿರಿ. ಹೊರರಾಜ್ಯದ ಮಂಡಲಿಯಿಂದ ಹೋಗುವವರಿಗೆ ಮೈಗ್ರೇಶನ್ ಸರ್ಟಿಫಿಕೇಟ್ ಮತ್ತು ಅರ್ಹತಾಪತ್ರದ ಕೆಲಸ ಬೀಳುತ್ತದೆ. ಅದನ್ನು ಕೊನೆಯ ವಾರಕ್ಕೆ ಇಡಬೇಡಿರಿ.

ಇನ್ನು ಕಚೇರಿಯ ಗುಮಾಸ್ತನಾದ ನಾನು ಕಾಗದಪತ್ರದ ಮಾತನ್ನು ಆಡದೆ ಇರಲಾರೆ. ಕೇಂದ್ರ ಸರಕಾರದ 'ಸಿ' ದರ್ಜೆಯ ಹುದ್ದೆಗಳ ನೇರ ನೇಮಕಾತಿಯಲ್ಲಿ ಶೇಕಡಾ 5ರವರೆಗೆ ಕ್ರೀಡಾಪಟುಗಳಿಗೆ ಅವಕಾಶವಿದೆ. ಅಂತರ ವಿಶ್ವವಿದ್ಯಾಲಯ ಕ್ರೀಡಾ ಮಂಡಲಿಯ ಪಂದ್ಯಗಳಲ್ಲಿ ತನ್ನ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರೂ ಇದಕ್ಕೆ ಅರ್ಹರು. ಕಬಡ್ಡಿ, ಖೊಖೊ ಕೂಡ ಆ ಪಟ್ಟಿಯಲ್ಲಿವೆ. ಆದರೆ ಪ್ರಮಾಣಪತ್ರವು ನಿಗದಿತ 3ನೆಯ ನಮೂನೆಯಲ್ಲಿ, ವಿಶ್ವವಿದ್ಯಾಲಯದ ಕ್ರೀಡಾಧಿಕಾರಿಯ ಸಹಿಯೊಡನೆ ಇರಬೇಕು. ಚೀಲದ ತುಂಬ ಪದಕ ಹೊತ್ತು ಬಂದ ಹುಡುಗನೊಬ್ಬನು ಈ ಒಂದು ಹಾಳೆಯಿಲ್ಲದೆ ಹಿಂದಿರುಗಿದ್ದನ್ನು ನಾನು ಕಂಡಿದ್ದೇನೆ. ಅವನು ಗೆದ್ದದ್ದೆಲ್ಲ ಖಾಸಗಿ ಪಂದ್ಯಗಳು.

ಮೂಡಬಿದಿರೆಯ ಮೈದಾನವೇ ಇಂಥ ಇನ್ನೊಂದು ಪಾಠವನ್ನು ಹೇಳುತ್ತದೆ. 2020ರ ಜನವರಿಯಲ್ಲಿ ಅಲ್ಲಿ ನಡೆದ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಆಂಧ್ರದ ಜ್ಯೋತಿ ಯರ್ರಾಜಿ 100 ಮೀಟರ್ ಹರ್ಡಲ್ಸ್ ಓಟವನ್ನು 13.03 ಸೆಕೆಂಡುಗಳಲ್ಲಿ ಮುಗಿಸಿದರು. ಆಗಿನ ರಾಷ್ಟ್ರೀಯ ದಾಖಲೆ 2002ರ 13.38. ಆದರೂ ಉದ್ದೀಪನ ಮದ್ದಿನ ಪರೀಕ್ಷೆಯ ವ್ಯವಸ್ಥೆ ಅಲ್ಲಿ ಇರದಿದ್ದುದರಿಂದ ಆ ಓಟ ದಾಖಲೆಯಾಗಲಿಲ್ಲ. ಆಕೆ ಎದೆಗುಂದದೆ 2022ರಲ್ಲಿ ಸೈಪ್ರಸ್ಸಿನಲ್ಲಿ 13.23ರಲ್ಲಿ ಓಡಿ ದಾಖಲೆ ಬರೆದರು. ಅದೇ ವರ್ಷ 13 ಸೆಕೆಂಡುಗಳ ಒಳಗೂ ಬಂದರು. ಓಡುವ ಕಾಲು ಮಗುವಿನದು. ನಿಯಮ ತಿಳಿದು ದಾರಿ ಹಸನು ಮಾಡುವ ಹೊಣೆ ಹಿರಿಯರದು.

ನಗರದಲ್ಲಿ ಬೆಳೆದ ಮಗುವಿಗೆ ಅಲ್ಲಿಯ ಮಳೆಗಾಲ, ವಸತಿಗೃಹದ ಊಟ, ಮನೆಯ ನೆನಪು ಮೊದಲ ತಿಂಗಳು ಕಾಡುವುದು ಸಹಜ. ಆದರೆ ಮನೆಯೊಳಗೆ ಮಾತ್ರ ಕೇಳಿದ ಕನ್ನಡವನ್ನು ಅಂಗಡಿಯಲ್ಲಿ, ಬಸ್ಸಿನಲ್ಲಿ, ಮೈದಾನದಲ್ಲಿ ಆಡುತ್ತ ಮೂರು ವರ್ಷ ಕಳೆಯುವುದೂ ಒಂದು ವಿದ್ಯಾಭ್ಯಾಸವೇ. ಅರ್ಜಿ ತುಂಬುವ ಮೊದಲು ಮಗುವನ್ನು ಕರೆದುಕೊಂಡು ಒಮ್ಮೆ ಹೋಗಿ ಬನ್ನಿರಿ. ಮೈದಾನವನ್ನೂ ಗ್ರಂಥಾಲಯವನ್ನೂ ಅದೇ ನೋಡಲಿ. ನಿರ್ಧಾರದಲ್ಲಿ ಅದರ ಮಾತಿಗೂ ತೂಕವಿರಲಿ.